ಕಂಪ್ಲಿಯ ಓಣಿಗೆ ಹಿಡಿಸುವ ಗಾಡಿ

ಆ ಮನೆಯಲ್ಲಿ ಎಷ್ಟು ಜನ ಎಂದು ನಾನು ಮೂರು ಸಲ ಕೇಳಿದೆ. ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಕಾರು ಮಾರುವವಳಿಗೆ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ. ನನ್ನಂಥ ಕೆದಕುವ ಸ್ವಭಾವದವಳಿಗೆ ಇದಕ್ಕಿಂತ ದೊಡ್ಡ ಹಬ್ಬವೂ ಇನ್ನೊಂದಿಲ್ಲ.

ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ವರ್ಷಗಳು ಅವು. ಹೊಸಪೇಟೆಯ ನಮ್ಮ ಶೋರೂಮಿಗೆ ಬರುವ ಗಿರಾಕಿ ಮೈಲೇಜ್ ಕೇಳುತ್ತಿರಲಿಲ್ಲ. ಕೆಂಪು ಧೂಳು ಮೆತ್ತಿದ ಚಪ್ಪಲಿಯಲ್ಲೇ ಒಳಗೆ ಬಂದು, "ನಿಮ್ಮಲ್ಲಿ ಭಾಳ ದೊಡ್ಡದು ಯಾವುದೈತಿ, ಅದನ್ನ ತೋರಿಸ್ರಿ" ಎನ್ನುತ್ತಿದ್ದ. ಅಲ್ಲಿ ಗಾಡಿ ಮಾರುವ ಕೆಲಸದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ, ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಗಿರಾಕಿ ದೊಡ್ಡದು ಕೇಳಿದರೆ ಉಳಿದವರು ಕೀಲಿ ತೆಗೆಯುತ್ತಿದ್ದರು, ನಾನು ನೋಟ್‌ಬುಕ್ ತೆಗೆಯುತ್ತಿದ್ದೆ. ಮನೆಯಲ್ಲಿ ಯಾರು ಯಾರಿದ್ದಾರೆ, ಯಾರಿಗೆ ಮೊಣಕಾಲು ನೋವು, ಯಾರಿಗೆ ದಾರಿಯಲ್ಲಿ ವಾಂತಿಯಾಗುತ್ತದೆ, ಗಾಡಿ ನಿಲ್ಲಿಸುವ ಜಾಗ ಎಷ್ಟುದ್ದ, ಎಲ್ಲ ಬರೆದುಕೊಂಡ ಮೇಲೇ ಮುಂದಿನ ಮಾತು.

"ನೀವು ಕಾರು ಮಾರಾಕತ್ತೀರೋ, ಹೆಣ್ಣು ನೋಡಾಕತ್ತೀರೋ?" ಎಂದು ನಮ್ಮ ಮ್ಯಾನೇಜರು ರೇಗಿಸುತ್ತಿದ್ದರು.

ಕಂಪ್ಲಿಯ ರೈಸ್ ಮಿಲ್ಲಿನ ಸಾಹುಕಾರರು ಬಂದದ್ದು ಒಂದು ಬುಧವಾರ. ಹಣೆಯ ತುಂಬ ವಿಭೂತಿ, ಮಡಿಕೆ ಮುರಿಯದ ಬಿಳಿ ಪಂಚೆ. ಮನೆಯಲ್ಲಿ ಐದು ಸೀಟಿನ ಹಳೆಯ ಕಾರಿತ್ತು. ಸಣ್ಣ ಸೊಸೆಗೆ ಏಳನೇ ತಿಂಗಳು. ಮನೆ ಬೆಳೆಯುತ್ತಿದೆ, ಗಾಡಿ ಸಾಲುತ್ತಿಲ್ಲ ಎಂದರು.

"ಸಂಡೂರಿನ ನಮ್ಮ ಬೀಗರು ತಗೊಂಡಾರಲ್ಲ, ಒಂಬತ್ತು ಸೀಟಿಂದು, ಅದಾ ಬೇಕು."

"ತೋರಿಸ್ತೀನ್ರಿ. ಮನ್ಯಾಗ ಎಷ್ಟು ಮಂದಿ ಅದೀರಿ ಸಾಹುಕಾರ್ರ?"

"ಏಳು ಮಂದಿ."

ಮರುದಿನ ಕಾಗದಪತ್ರಕ್ಕೆಂದು ಮನೆಗೆ ಫೋನ್ ಮಾಡಿದರೆ ಅವರ ಹೆಂಡತಿ ಎತ್ತಿಕೊಂಡರು. ಸುಮ್ಮನಿರಲಾರದೆ ಅವರನ್ನೂ ಕೇಳಿದೆ. "ಆರು ಅಂತ ಬರಕೋವಾ. ಇಬ್ಬರು ಗಂಡುಮಕ್ಕಳಾಗ ಒಬ್ಬವ ಮಿಲ್ ಬಿಟ್ಟು ಬರಂಗಿಲ್ಲ. ಕೂಸು ಹುಟ್ಟಿದ್ರ ಏಳು" ಎಂದರು. ಸಾಹುಕಾರರ ಏಳಕ್ಕೆ ಕೂಸು ಸೇರಿದರೆ ಎಂಟು. ಏಳು ಎಂದರೆ ಒಂದು ಗಾಡಿ, ಎಂಟು ಎಂದರೆ ಬೇರೆಯೇ ಗಾಡಿ. ಒಂದು ತಲೆಯ ವ್ಯತ್ಯಾಸಕ್ಕೆ ಗಾಡಿಯ ಉದ್ದ, ಅಗಲ, ತಿರುಗುವ ಜಾಗ ಎಲ್ಲ ಬದಲಾಗುತ್ತದೆ. ನಾನು ಟೇಪು ಹಿಡಿದು ಕಂಪ್ಲಿ ಬಸ್ಸು ಹತ್ತಿದೆ.

ಮೊದಲು ಓಣಿ ಅಳೆದೆ. ಎರಡೂ ಕಡೆ ಮನೆಗಳ ಕಲ್ಲಿನ ಕಟ್ಟೆ, ಒಂದು ಬದಿಗೆ ಗಟಾರ. ಬಾಯಲ್ಲಿ ಒಂಬತ್ತಡಿ ಅಗಲ. ನಡುವೆ ಒಂದು ತಿರುವು, ಅಲ್ಲಿ ಯಾರದೋ ಕಟ್ಟೆ ಮುಂದಕ್ಕೆ ಚಾಚಿ ಏಳಡಿ ಎರಡಿಂಚಿಗೆ ಇಳಿದಿತ್ತು. ತಿರುವು ದಾಟಿದರೆ ಸಾಹುಕಾರರ ಮನೆ, ಅದರ ಬೆನ್ನಿಗೇ ಮಿಲ್ಲು. ಒಂಬತ್ತು ಸೀಟಿನ ಗಾಡಿ ಅಗಲಕ್ಕೆ ಹಿಡಿಸುತ್ತಿತ್ತು, ಆದರೆ ಅದರ ಉದ್ದಕ್ಕೆ ಆ ತಿರುವಿನಲ್ಲಿ ಹೊರಳಲಾರದು. ಏಳು ಸೀಟಿನದು ಒಂದೂವರೆ ಅಡಿ ಗಿಡ್ಡ, ಕನ್ನಡಿ ಮಡಚಿದರೆ ಬಂದೀತು. ಓಣಿಯ ಬಾಯಲ್ಲೇ ನಿಲ್ಲಿಸಿದರಾಗದೇ ಎಂದು ಕೇಳಿದೆ. ಸಾಹುಕಾರರ ತಾಯಿಗೆ, ಆ ಮನೆಯ ಅಜ್ಜಿಗೆ, ಹತ್ತು ಹೆಜ್ಜೆ ನಡೆಯುವುದೂ ಕಷ್ಟವಂತೆ. ಅವರಿಗೆ ಸೋಮವಾರ ತಪ್ಪದೆ ಹಂಪಿಗೆ ಹೋಗಬೇಕು, ವಿರೂಪಾಕ್ಷನ ಮುಂದೆ ಕೈಮುಗಿಯಬೇಕು. ಗಾಡಿ ಹೊಸ್ತಿಲಿಗೇ ಬರಬೇಕು.

ಆಮೇಲೆ ನನ್ನದೇ ಒಂದು ಪದ್ಧತಿ. ಮಿಲ್ಲಿನ ಹಿಂದೆ ಭತ್ತ ಒಣಗಿಸುವ ಸಿಮೆಂಟು ಅಂಗಳವಿತ್ತು. ಅಲ್ಲಿ ಏಳು ಸೀಟಿನ ಗಾಡಿಯ ಒಳಗಿನ ಅಳತೆಯನ್ನು ಸೀಮೆಸುಣ್ಣದಲ್ಲಿ ಗೀಚಿದೆ. ಇಪ್ಪತ್ತೈದು ಕೆಜಿಯ ಅಕ್ಕಿ ಚೀಲಗಳನ್ನು ಸಾಲಾಗಿ ಇಟ್ಟು ಸೀಟು ಮಾಡಿದೆ. ಮುಂದೆ ಎರಡು, ನಡುವೆ ಮೂರು, ಹಿಂದೆ ಎರಡು. ಮನೆಮಂದಿಯನ್ನೆಲ್ಲ ಕರೆದು ಕೂರಿಸಿದೆ. ಹಮಾಲರು ಕೆಲಸ ಬಿಟ್ಟು ನಗುತ್ತ ನಿಂತರು. ಅಜ್ಜಿ ಎಷ್ಟು ಎತ್ತರ ಹತ್ತಬಲ್ಲರು ಎಂದು ನೋಡಲು ಚೀಲದ ಮೇಲೆ ಚೀಲ ಇಟ್ಟೆ. ಒಂದು ಚೀಲ ಹತ್ತಿದರು. ಎರಡನೆಯದಕ್ಕೆ ಕಾಲೆತ್ತಿ "ಶಿವನ!" ಎಂದು ಅಲ್ಲೇ ಕೂತುಬಿಟ್ಟರು. ಹಾಗಾದರೆ ಅವರಿಗೆ ಮುಂದಿನ ಸೀಟೇ ಸರಿ, ಹತ್ತುವುದು ಸುಲಭ.

ನಾನು ಡ್ರೈವರನ ಚೀಲದ ಮೇಲೆ ಕೂತು ಹಿಂದೆ ತಿರುಗಿ ಎಣಿಸಿದೆ. ಲೆಕ್ಕ ಕೂಡಲಿಲ್ಲ.

"ಅಜ್ಜಿ, ನೀವಾ ಹೇಳ್ರಿ. ಗಾಡ್ಯಾಗ ಹೋಗೋರು ಎಷ್ಟು ಮಂದಿ?"

ಅಜ್ಜಿ ಬೆರಳಿನ ಗೆಣ್ಣು ಮುಟ್ಟಿ ಎಣಿಸಿದರು. "ನಾನು, ನನ್ನ ಮಗ, ಅವನ ಹೇಣ್ತಿ, ಮೊಮ್ಮಕ್ಕಳು ಇಬ್ಬರು, ಸಣ್ಣ ಸೊಸಿ, ಮರಿಮೊಮ್ಮಗಳು, ಡ್ರೈವರ. ಎಂಟು."

ಡ್ರೈವರನೂ ಬಂದ, ಸರಿ. ಆ ಮರಿಮೊಮ್ಮಗಳಿಗೆ ಎಂಟು ವರ್ಷ, ಸಣ್ಣ ಸೊಸೆಗೆ ಇದು ಚೊಚ್ಚಲು. ಹಾಗಾದರೆ ಈ ಹುಡುಗಿಯ ತಾಯಿ ಎಲ್ಲಿ? ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಸೆರಗು ಹೊದ್ದು ಎಲ್ಲರಿಗೂ ಚಹಾ ತಂದಿಟ್ಟು, ಸೀಮೆಸುಣ್ಣದ ಗೆರೆ ತುಳಿಯದಂತೆ ಸುತ್ತು ಹಾಕಿಕೊಂಡು ಹೋದರು.

"ಅವ್ರು ಯಾರ್ರಿ?"

"ಆಕಿ ದೊಡ್ಡ ಸೊಸಿ. ಈ ಹುಡುಗಿ ತಾಯಿ."

"ಆಕಿ ಲೆಕ್ಕದಾಗ ಬರಲಿಲ್ಲಲ್ರಿ ಅಜ್ಜಿ?"

"ಆಕಿ ಎಲ್ಲಿ ಬರ್ತಾಳವಾ? ಮನ್ಯಾಗ ಒಬ್ರು ಇರಬೇಕಲ್ಲ."

ಅಜ್ಜಿಯ ಮಾತಿನಲ್ಲಿ ಕೊಂಕಿರಲಿಲ್ಲ. ಯಾರ ಮುಖವೂ ಬದಲಾಗಲಿಲ್ಲ, ದೊಡ್ಡ ಮಗನದೂ ಇಲ್ಲ. ಮೂರು ಜನ ಮೂರು ಲೆಕ್ಕ ಹೇಳಿದ್ದರು, ಮೂರರಲ್ಲೂ ಆಕೆ ಇರಲಿಲ್ಲ. ಕಪ್ಪು ಒಳಗಿಡುವ ನೆಪ ಮಾಡಿಕೊಂಡು ಅಡುಗೆಮನೆಗೆ ಹೋದೆ.

ಮೂವತ್ತರ ಆಸುಪಾಸಿನ ಹೆಂಗಸು, ಗಟ್ಟಿಮುಟ್ಟು ಕೈ. ನಾನು ಹೋದರೂ ಒಲೆಯ ಕಡೆಯಿಂದ ತಿರುಗಲಿಲ್ಲ. ನಾನು ಬಿಡುವವಳೇ! ತವರು ಯಾವುದು, ಅಣ್ಣತಮ್ಮಂದಿರು ಎಷ್ಟು ಎಂದು ಕೇಳುತ್ತಾ ಹೋದೆ.

"ಬಂಡ್ರಿ ನಮ್ದು, ಸಂಡೂರ ತಾಲೂಕು" ಎಂದರು. "ಅವ್ವಗ ಕಣ್ಣಾಗ ಪೊರೆ ಬಂದೈತ್ರಿ. ಆಪರೇಶನ್ ಆಗೂದೈತಿ. ಮೂರು ವರ್ಷ ಆತು ನಾ ಹೋಗಿ."

"ಯಾಕ್ರಿ ಅಕ್ಕಾರ? ಬಸ್ಸಿಗೆ ಹೋಗಬಹುದಲ್ಲ?"

"ಸಾಹುಕಾರ್ರ ಸೊಸಿ ಬಸ್ಸಿನಾಗ ಹೋದ್ರ ಮರ್ಯಾದಿ ಹೋಗ್ತೈತಂತ. ಗಾಡ್ಯಾಗ ಹೋಗೂಣು ಅಂದ್ರ ಜಾಗ ಇರಂಗಿಲ್ಲ." ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು. "ಒಂಬತ್ತು ಸೀಟಿಂದು ತರ್ತಾರಂತಲ್ರಿ? ಅದು ಬಂದ್ರ ನನಗೂ ಒಂದು ಜಾಗ ಆಗ್ತೈತಿ. ಹೆಂಗಾರ ಮಾಡಿ ಅದನ್ನಾ ಕೊಡಸ್ರಿ."

ನನ್ನ ಕೈಚೀಲದಲ್ಲಿದ್ದ ಟೇಪು ಆಗ ಭಾರವೆನಿಸಿತು. ಓಣಿಯ ತಿರುವಿನ ಅಳತೆ ಹೇಳಲು ನಾಲಿಗೆ ಬರಲಿಲ್ಲ. ಹೇಳದೇ ಇರುವುದೂ ಸರಿಯಲ್ಲ ಎಂದು ಕೊನೆಗೆ ಹೇಳಿದೆ. ಆಕೆ "ಹೌದೇನ್ರಿ" ಎಂದಷ್ಟೇ ಅಂದು ಕಪ್ಪು ತೊಳೆಯಲು ಕೂತರು.

ಅಂಗಳಕ್ಕೆ ಬಂದು ಸಾಹುಕಾರರಿಗೆ ಅದನ್ನೇ ಹೇಳಿದರೆ ಅವರು ನಂಬಲಿಲ್ಲ. "ಟೇಪು ಏನ್ ಹೇಳ್ತೈತಿ ಮೇಡಮ್ಮಾರ? ಗಾಡಿ ತಂದು ತೋರಿಸ್ರಿ." ಶೋರೂಮಿಗೆ ಹಿಂತಿರುಗಿದರೆ ಮ್ಯಾನೇಜರದೂ ಅದೇ ರಾಗ. ಒಂಬತ್ತು ಸೀಟಿನ ಗಾಡಿಯೊಂದು ಬಹಳ ದಿನದಿಂದ ಯಾರ್ಡಿನಲ್ಲಿ ಬಿಸಿಲಿಗೆ ನಿಂತಿತ್ತು. "ಓಣಿ ಅವರ್ದು, ಗಾಡಿ ನಮ್ದು. ನಿಮಗ್ಯಾಕ ಬೇಕು ಅವರ ತಿರುವು?" ಎಂದರು. ಟೆಸ್ಟ್ ಡ್ರೈವಿಗೆ ಹೋಗುತ್ತಿದ್ದ ನಮ್ಮ ಡ್ರೈವರ್ ಹಿಂದಿನ ವಾರವಷ್ಟೇ ಅದಿರಿನ ಟಿಪ್ಪರ್ ಓಡಿಸಲು ಸಂಡೂರಿಗೆ ಹೋಗಿಬಿಟ್ಟಿದ್ದ. ಆ ಕಾಲದಲ್ಲಿ ಕೈಗೆ ಸ್ಟೇರಿಂಗ್ ಹತ್ತಿದವರೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ. ಸಾಹುಕಾರರ ಡ್ರೈವರನೂ ಹಾಗೆಯೇ ಹೋಗಿದ್ದ. ಅಜ್ಜಿ ಎಣಿಸಿದ ಎಂಟನೆಯ ತಲೆ ಊರಲ್ಲೇ ಇರಲಿಲ್ಲ! ಸಾಹುಕಾರರಾಗಲಿ ದೊಡ್ಡ ಮಗನಾಗಲಿ ಡ್ರೈವಿಂಗ್ ಕಲಿತೇ ಇರಲಿಲ್ಲ. ಸಣ್ಣವನು ಒಮ್ಮೆ ಹಳೆಯ ಕಾರನ್ನು ಕಾಲುವೆಗೆ ಇಳಿಸಿ, ಮತ್ತೆ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ.

"ಲೈಸೆನ್ಸ್ ಐತಲ್ಲ, ನೀವಾ ತಗೊಂಡು ಹೋಗ್ರಿ" ಎಂದು ಮ್ಯಾನೇಜರು ಕೀಲಿ ನನ್ನ ಮುಂದೆ ಹಾಕಿದರು.

ಲೈಸೆನ್ಸ್ ಇತ್ತು, ನಿಜ. ಮುಂದಕ್ಕೆ ಓಡಿಸಲು ನನಗೆ ಯಾವ ಭಯವೂ ಇರಲಿಲ್ಲ. ಹಿಂದಕ್ಕೆ ಎಂದರೆ ಮಾತ್ರ ಅಂಗೈ ಬೆವರುತ್ತಿತ್ತು. ಓಣಿಯ ಬಾಯಿಂದ ತಿರುವಿನವರೆಗೆ ಸಲೀಸಾಗಿ ಹೋದೆ. ತಿರುವಿನಲ್ಲಿ ಮೂತಿ ಹೊರಳಿಸಿದೆ. ಎಡಗಡೆ ಕಟ್ಟೆಗೂ ಗಾಡಿಯ ಬಾಗಿಲಿಗೂ ನಡುವೆ ನಾಲ್ಕೇ ಬೆರಳು, ಬಲಗಡೆ ಮುಂದಿನ ಚಕ್ರ ಗಟಾರದ ಅಂಚಿಗೆ. ಮುಂದೆ ಹೋಗುವಂತಿಲ್ಲ. ಟೇಪು ಹೇಳಿದ್ದು ಅಕ್ಷರಶಃ ನಿಜವಾಯಿತು. ನನಗೆ ಸಂತೋಷಪಡುವ ಪುರುಸೊತ್ತಿರಲಿಲ್ಲ, ಯಾಕೆಂದರೆ ಹಿಂದೆ ಭತ್ತದ ಚೀಲ ಹೇರಿದ ಟ್ರಾಕ್ಟರ್ ಬಂದು ಹಾರ್ನ್ ಹೊಡೆಯತೊಡಗಿತು. ಟ್ರಾಕ್ಟರಿನವನು ಓಣಿಯ ಬಾಯಿಂದ ಹೊರಕ್ಕೆ ಹಿಂದೆ ಸರಿದ. ಈಗ ನಾನು ಸರಿಯಬೇಕು. ಒಮ್ಮೆ ಪ್ರಯತ್ನಿಸಿದೆ, ಹಿಂದಿನ ಚಕ್ರ ಕಟ್ಟೆಗೆ ಕೆರೆಯಿತು. ಇನ್ನೊಮ್ಮೆ ಮಾಡಿದೆ, ಗಾಡಿ ಬಂದ್ ಬಿತ್ತು. ಕಟ್ಟೆಗಳ ಮೇಲೆಲ್ಲ ಜನ ಸೇರಿದರು. ಒಬ್ಬ "ಬಲಕ್ಕ ಹೊಡೀರಿ" ಎಂದರೆ ಇನ್ನೊಬ್ಬ "ಏ, ಎಡಕ್ಕಲೇ" ಎನ್ನುತ್ತಿದ್ದ. ಸಾಹುಕಾರರು ಹೊಸ್ತಿಲಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ನನಗೆ ಅಳುವೇ ಬಂತು.

ಆಗ ದೊಡ್ಡ ಸೊಸೆ ಬಂದರು. ಕೈಗೆ ಇನ್ನೂ ರೊಟ್ಟಿಯ ಹಿಟ್ಟು ಮೆತ್ತಿತ್ತು. ಬಾಗಿಲು ತೆಗೆದು ಮೆತ್ತಗೆ "ಇಳೀರಿ ಅಕ್ಕಾರ, ನಾ ತೆಗೀತೀನಿ" ಎಂದರು.

ನಾನು ಯೋಚಿಸದೆ ಇಳಿದುಬಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು, ಸೀಟು ಮುಂದಕ್ಕೆ ಎಳೆದುಕೊಂಡರು. ಗೇರು ಎಲ್ಲೆಲ್ಲಿದೆ ಎಂದು ಎರಡು ಸಲ ಆಡಿಸಿ ನೋಡಿದರು. ಕನ್ನಡಿಯನ್ನು ಅವರು ನಂಬಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಹಿಂದಿನ ಚಕ್ರವನ್ನೇ ನೋಡುತ್ತ, ಒಂದು ಕೈಯಲ್ಲಿ ಸ್ಟೇರಿಂಗ್ ತಿರುವುತ್ತ, ಒಂದೇ ಉಸಿರಿಗೆ ಗಾಡಿಯನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿದರು. ಕಟ್ಟೆಯ ಮೇಲಿದ್ದವರ ಬಾಯಿ ಬಂದಾಯಿತು.

"ಎಲ್ಲಿ ಕಲಿತ್ರಿ?" ಎಂದೆ ಓಡಿಹೋಗಿ.

"ನಮ್ಮಪ್ಪನ ಟ್ರಾಕ್ಟರ್ ಹೊಡೀತಿದ್ದೆ, ಮದಿವಿಗಿಂತ ಮೊದ್ಲು. ಟ್ರೇಲರ್ ಕಟ್ಟಿದ ಮ್ಯಾಲೆ ಹಿಂದ ತೆಗೆಯೂದು ಕಷ್ಟ ನೋಡ್ರಿ, ನೀವು ಬಲಕ್ಕ ತಿರುವಿದ್ರ ಅದು ಎಡಕ್ಕ ಹೋಗ್ತೈತಿ. ಇದಕ್ಕ ಬಾಲಾನೇ ಇಲ್ಲ, ಏನ್ ಮಹಾ!" ಎಂದು ನಕ್ಕರು. ಆಮೇಲೆ ತಾವು ಹೊರಗೆ ತೆಗೆದದ್ದು ತಮ್ಮ ಜಾಗವಿದ್ದ ಗಾಡಿಯನ್ನೇ ಎಂದು ನೆನಪಾಯಿತೇನೋ, ನಗು ಅಲ್ಲಿಗೇ ನಿಂತಿತು. ಕೀಲಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ನಾನು ಓಣಿಯ ಬಾಯಲ್ಲಿ ಐದು ನಿಮಿಷ ನಿಂತೆ. ಆ ವರ್ಷ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಓಣಿಯ ಬಾಯಲ್ಲೇ ನಿಲ್ಲಿಸಿಕೊಳ್ಳಿ" ಎಂದು ಹೇಳಿ ಆ ದೊಡ್ಡ ಗಾಡಿಯನ್ನೇ ತಲೆಗೆ ಕಟ್ಟಿದ್ದರೆ ಮ್ಯಾನೇಜರು ಬೆನ್ನು ತಟ್ಟುತ್ತಿದ್ದರು. ಏಳು ಸೀಟಿನದನ್ನೇ ಕೊಟ್ಟು ಸುಮ್ಮನಿದ್ದಿದ್ದರೂ ನನ್ನ ಕೆಲಸ ಮುಗಿಯುತ್ತಿತ್ತು. ಮನೆಯವರ ವಿಷಯ ನನಗೇಕೆ? ಆದರೆ ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವತ್ತು! ಪಡಸಾಲೆಗೆ ಹೋಗಿ ಎಲ್ಲರ ಮುಂದೆ ಹೇಳಿಬಿಟ್ಟೆ.

"ಸಾಹುಕಾರ್ರ, ಒಂಬತ್ತು ಸೀಟಿಂದು ನಿಮ್ಮ ಓಣಿಗೆ ಬರಂಗಿಲ್ಲ, ನೀವಾ ನೋಡಿದ್ರಿ. ಏಳು ಸೀಟಿಂದು ಬರ್ತೈತಿ. ಅದರಾಗ ಡ್ರೈವರ್ ಕುಂತ್ರ ನಿಮಗ ಉಳಿಯೂದು ಆರಾ. ಡ್ರೈವರ್ ಬ್ಯಾಡ. ದೊಡ್ಡ ಸೊಸಿ ಹೊಡೀಲಿ. ಆಗ ಏಳಕ್ಕ ಏಳೂ ಮನಿಮಂದಿನಾ."

ಸಾಹುಕಾರರು ನಿಧಾನಕ್ಕೆ, "ನಮ್ಮ ಮನಿ ಹೆಣ್ಮಗಳು ಸ್ಟೇರಿಂಗ್ ಹಿಡಿದ್ರ ಊರಾಗ ಮಂದಿ ಏನಂತಾರ್ರಿ? ಆಕಿ ಹೋದ್ರ ಮನಿ ಯಾರು ನೋಡ್ಕೋಬೇಕು? ಗಾಡಿ ಬ್ಯಾಡ ಹೋಗ್ರಿ ಮೇಡಮ್ಮಾರ" ಎಂದರು.

ಶೋರೂಮಿಗೆ ಹಿಂತಿರುಗುವ ಮೊದಲೇ ಸುದ್ದಿ ಮುಟ್ಟಿತ್ತು. "ನೀವು ಗಾಡಿ ಮಾರಾಕ ಹೋಗಿದ್ರೋ, ಮನಿ ಒಡಿಯಾಕ ಹೋಗಿದ್ರೋ?" ಎಂದು ಮ್ಯಾನೇಜರು ಎಲ್ಲರೆದುರು ಕೂಗಾಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎರಡು ದಿನ ಹಲುಬಿದರು. ನನಗೆ ಅದಕ್ಕಿಂತ ಆ ಹೆಣ್ಣುಮಗಳ ಚಿಂತೆ. ನನ್ನ ಅಧಿಕಪ್ರಸಂಗದಿಂದ ಆಕೆಗೆ ಮನೆಯಲ್ಲಿ ಏನೇನು ಕೇಳಬೇಕಾಯಿತೋ ಎಂದು ರಾತ್ರಿ ನಿದ್ದೆ ಬರಲಿಲ್ಲ.

ಸಾಹುಕಾರರು ಚೋರನೂರಿನಿಂದ ಒಬ್ಬ ಡ್ರೈವರನನ್ನು ಕರೆಸಿ ಹಳೆಯ ಕಾರಿಗೆ ಹಾಕಿಕೊಂಡರು. ಅವನು ನಾಲ್ಕು ದಿನ ಇದ್ದ. ಐದನೆಯ ದಿನ ಸೋಮವಾರ, ಅಜ್ಜಿ ಮಡಿಸೀರೆ ಉಟ್ಟು, ಕಾಯಿ ಹೂವು ಹಿಡಿದು ಹೊಸ್ತಿಲಲ್ಲಿ ಕಾದರು. ಡ್ರೈವರ್ ಬರಲಿಲ್ಲ. ಹಿಂದಿನ ಸಂಜೆಯೇ ಟಿಪ್ಪರ್ ಹತ್ತಿ ಹೋಗಿದ್ದ. ಅಜ್ಜಿ ಮಧ್ಯಾಹ್ನದವರೆಗೆ ಕೂತಲ್ಲಿಂದ ಏಳಲಿಲ್ಲವಂತೆ, ಊಟವನ್ನೂ ಮಾಡಲಿಲ್ಲವಂತೆ. ಕೊನೆಗೆ ಮಗನನ್ನು ಕರೆದು ಹೇಳಿದ್ದನ್ನು ಸಾಹುಕಾರರೇ ಮರುದಿನ ಶೋರೂಮಿಗೆ ಬಂದು ನನ್ನ ಮುಂದೆ ಒಪ್ಪಿಸಿದರು: "ಮಂದಿ ಏನಂತಾರ, ಮಂದಿ ಏನಂತಾರ ಅಂತೀದಿ. ಮಂದಿ ಬಂದು ನನ್ನ ಮೊಣಕಾಲು ತಿಕ್ತಾರೇನಲೇ? ಆ ಹುಡುಗಿಗೆ ಗಾಡಿ ಬರ್ತೈತಿ. ಹೊಡೀಲಿ ಬಿಡು."

ಸೊಸೆಯ ಮೇಲಿನ ಕರುಣೆಯಿಂದ ಬಂದ ಮಾತಲ್ಲ ಅದು, ತಮ್ಮ ಸೋಮವಾರ ತಪ್ಪಿದ ಸಿಟ್ಟಿನಿಂದ ಬಂದದ್ದು. ಇರಲಿ, ನಾನು ಅರ್ಜಿ ತುಂಬಿಸಿಕೊಂಡೆ. ಏಳು ಸೀಟಿನದು, ಮೇಲೆ ಸಾಮಾನಿನ ಕ್ಯಾರಿಯರ್. ಹಿಂದಿನ ಸಾಲಿನಲ್ಲಿ ಮೊಣಕಾಲು ಎದೆಗೆ ಬರುತ್ತದೆ, ಅಲ್ಲಿ ಹುಡುಗಿ ಮತ್ತು ಸಣ್ಣ ಮಗ. ಬಸುರಿಗೆ ನಡುಸಾಲಿನ ಕಿಟಕಿ. ಅಜ್ಜಿಗೆ ಮುಂದೆ, ಕಾಲಿಡಲು ಒಂದು ಮರದ ಮಣೆ.

ಗಾಡಿ ಬರುವುದಕ್ಕೆ ಒಂದೂವರೆ ತಿಂಗಳು ಕಾಯಬೇಕಿತ್ತು. ಅಷ್ಟರಲ್ಲಿ ಆಕೆಗೆ ಲೈಸೆನ್ಸ್ ಆಗಬೇಕು. ಮೊದಲು ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದೆ. ಅದಾಗಿ ಮೂವತ್ತು ದಿನದ ಮೇಲೇ ಟೆಸ್ಟ್. ಪ್ರತಿ ಭಾನುವಾರ ಹೋಗಿ ಹಳೆಯ ಕಾರಿನಲ್ಲಿ ಪಕ್ಕ ಕೂರುತ್ತಿದ್ದೆ. ಟ್ರಾಕ್ಟರಿನ ಅಭ್ಯಾಸದಿಂದ ಆಕೆಗೆ ಕ್ಲಚ್ಚನ್ನು ತುಳಿದು ಒಮ್ಮೆಗೇ ಬಿಡುವ ಚಾಳಿ. ಕಾರು ಜಿಗಿಯುತ್ತಿತ್ತು, ನಾನು ಡ್ಯಾಶ್‌ಬೋರ್ಡಿಗೆ ಹಣೆ ಬಡಿದುಕೊಳ್ಳುತ್ತಿದ್ದೆ. ಇಂಡಿಕೇಟರ್ ಹಾಕುವುದು ಮರೆತು ಕೈಯನ್ನೇ ಹೊರಗೆ ಚಾಚುತ್ತಿದ್ದರು. ಹಿಂದಕ್ಕೆ ತೆಗೆಯುವುದನ್ನು ಮಾತ್ರ ಆಕೆಯೇ ನನಗೆ ಕಲಿಸಿದರು. ಟೆಸ್ಟಿನ ದಿನ ಎಂಟರ ಆಕಾರ ಸುತ್ತಿಸಿದ ಇನ್‌ಸ್ಪೆಕ್ಟರು, "ಯಾವ ಸ್ಕೂಲಿನಾಗ ಕಲಿತಿರವ್ವಾ?" ಎಂದು ಕೇಳಿದರು. "ನಮ್ಮ ಹೊಲದಾಗ್ರಿ" ಎಂದರು ಆಕೆ.

ಮೊದಲ ಸೋಮವಾರ ಹಂಪಿಗೆ ಹೋದರು. ಸಾಹುಕಾರರು ನಡುಸಾಲಿನಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದರಂತೆ. ದೊಡ್ಡ ಮಗ ಅಂದು ಮಿಲ್ಲಿನಲ್ಲಿ, ಮನೆಗೆ ಬೀಗ. ಕಮಲಾಪುರ ದಾಟುವಾಗ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಅಜ್ಜಿ ಕಿಟಕಿಯಿಂದ ಕೈಬೀಸಿದರು. ಮುಂದಿನ ಸೋಮವಾರವೂ ಹಂಪಿ, ಅದರ ಮುಂದಿನದೂ ಹಂಪಿ. ನಡುವೆ ಸಣ್ಣ ಸೊಸೆಯ ಆಸ್ಪತ್ರೆ, ಆಮೇಲೆ ಗಂಡು ಕೂಸು, ಕೂಸಿನ ತೊಟ್ಟಿಲ ಶಾಸ್ತ್ರ. ಎಲ್ಲ ಓಡಾಟಕ್ಕೂ ಆಕೆಯೇ. ಬಂಡ್ರಿಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಆಕೆಗೆ ಸೀಟು ಕೊಡಿಸಲು ಹೋಗಿ ಇನ್ನೊಂದು ಕೆಲಸ ಹಚ್ಚಿದೆನೇ ಎಂದು ನನಗೆ ಕಸಿವಿಸಿಯಾಗತೊಡಗಿತು.

ಒಂದು ಗುರುವಾರ ಬೆಳಿಗ್ಗೆ ಗಾಡಿ ಶೋರೂಮಿನ ಮುಂದೆ ನಿಂತಿತು. ಆಕೆ, ಮಗಳು, ಉಳಿದ ಸೀಟುಗಳೆಲ್ಲ ಖಾಲಿ.

"ಅವ್ವನ ಆಪರೇಶನ್ ಆತ್ರಿ, ಮೊನ್ನೆ. ಅತ್ತೆಯವರಿಗೆ ಹೇಳಿದೆ, ಬಂಡ್ರಿಗೆ ಹೊಂಟೀನಿ ಅಂತ. ಕೇಳಲಿಲ್ಲ ನಾನು, ಹೇಳಿದೆ" ಎಂದರು. ಆ ಮಾತನ್ನು ಇನ್ನೊಮ್ಮೆ ತಮಗೆ ತಾವೇ ಕೇಳಿಸಿಕೊಂಡಂತಿತ್ತು. "ಸಂಡೂರ ರಸ್ತೆ ತುಂಬ ಅದಿರು ಲಾರಿ. ನೀವು ಜೊತಿಗೆ ಬಂದ್ರ ಧೈರ್ಯ."

ಅರ್ಧ ದಿನ ರಜೆ ಬರೆದುಕೊಟ್ಟು ಹತ್ತಿದೆ. ಹೊಸಪೇಟೆ ದಾಟಿದ ಮೇಲೆ ಲಾರಿಗಳ ಸಾಲಿಗೆ ಕೊನೆಯೇ ಇರಲಿಲ್ಲ. ಗಾಜಿನ ಮೇಲೆ ಕೆಂಪು ಪುಡಿ, ವೈಪರ್ ಹಾಕಿದರೆ ಕೆಸರು. ಆಕೆ ಒಮ್ಮೆಯೂ ಅವಸರಪಡಲಿಲ್ಲ. ಲಾರಿಯ ಹಿಂದೆ ಅಂತರ ಬಿಟ್ಟು, ಸಂದು ಸಿಕ್ಕಾಗ ಹಾರ್ನ್ ಹೊಡೆದು ದಾಟುತ್ತ ಹೋದರು. ನಾನು ಹ್ಯಾಂಡಲ್ ಹಿಡಿದ ಕೈ ಸಡಿಲಿಸಲೇ ಇಲ್ಲ.

ಬಂಡ್ರಿಯ ಮನೆಯ ಅಂಗಳದಲ್ಲಿ ಅವರ ತಾಯಿ ಹೊರಸಿನ ಮೇಲೆ ಕೂತಿದ್ದರು. ಒಂದು ಕಣ್ಣಿಗೆ ಹತ್ತಿಯ ಪಟ್ಟಿ, ಮೇಲೆ ಕಪ್ಪು ಕನ್ನಡಕ. ಗಾಡಿಯ ಸದ್ದಿಗೆ ಮುಖ ಎತ್ತಿದರು. ಮೊಮ್ಮಗಳು ಓಡಿಹೋಗಿ ಕೊರಳಿಗೆ ಬಿದ್ದಳು. ಅವಳ ಬೆನ್ನು ಸವರುತ್ತಲೇ ಮುದುಕಿ ಒಳಗಿನವರಿಗೆ ಕೂಗಿದರು: "ಮೊದ್ಲು ಡ್ರೈವರ್‌ಗೆ ಉಣ್ಣಾಕ ನೀಡ್ರಿ. ಇಲ್ಲಾಂದ್ರ ಹೋದ ಸಲದಂಗ ತಾಸಿನಾಗ ಹಾರ್ನ್ ಹೊಡದು ನನ್ನ ಮಗಳನ್ನ ಎಬ್ಬಿಸ್ಕೊಂಡು ಹೋಗ್ತಾನ."

"ಡ್ರೈವರ್ ನಾನಾ ಅದೀನವ್ವ" ಎಂದರು ಆಕೆ.

ಮುದುಕಿಗೆ ಅರ್ಥವಾಗಲಿಲ್ಲ. ಕೈ ಚಾಚಿದರು. ಆಕೆ ಹೊರಸಿನ ಪಕ್ಕ ನೆಲದ ಮೇಲೆ ಕೂತು, ಗಾಡಿಯ ಕೀಲಿಯನ್ನು ಆ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇದನ್ನ ನೀ ಇಟ್ಕೋ. ನೀ ಯಾವಾಗ ಕೊಡ್ತಿ, ಆವಾಗ ಹೋಗ್ತೀನಿ."

ಮುದುಕಿ ಕೀಲಿಯನ್ನು ಸ್ವಲ್ಪ ಹೊತ್ತು ಬೆರಳಲ್ಲಿ ತಡವಿ ನೋಡಿದರು. ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದರು, ಮೇಲೆ ಇನ್ನೊಂದು ಗಂಟು ಹಾಕಿದರು. ನಾನು ಊಟ ಮಾಡಿ ನಾಲ್ಕರ ಬಸ್ಸಿಗೆ ಹೊಸಪೇಟೆಗೆ ಹೊರಟೆ. ಆಗಲೂ ಆ ಗಂಟು ಬಿಚ್ಚಿರಲಿಲ್ಲ.